ಗಾಲಿಯ ಬೇರಿಂಗು: ಅರಿಯುವ ಬಗೆ, ಬದಲಿಸುವ ಕ್ರಮ



ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಜೀಪು, ಪಿಕಪ್ಪುಗಳಿಗೆ ಬಿಡುವಿಲ್ಲ. ಎಂಜಿನ್ನಿನ ಎಣ್ಣೆ ನೋಡುತ್ತೇವೆ, ಟೈರಿನ ಗಾಳಿ ನೋಡುತ್ತೇವೆ. ಗಾಲಿಯ ಬೇರಿಂಗನ್ನು ಮಾತ್ರ ಅದು ಕೂಗುವವರೆಗೂ ನೋಡುವುದಿಲ್ಲ. ನಾವೂ ಈ ತಪ್ಪು ಮಾಡಿದವರೇ. ಒಂದು ಮಳೆಗಾಲ ನಮ್ಮ ಜೀಪಿನ ಎಡ ಮುಂಗಾಲಿ ಗುಂಯ್‌ಗುಡುತ್ತಿತ್ತು. ಟೈರಿನ ಸದ್ದೆಂದು ತಿಂಗಳುಗಟ್ಟಲೆ ಸುಮ್ಮನಿದ್ದೆವು. ಅಡಿಕೆ ಚೀಲ ಹೇರಿಕೊಂಡು ಕಲಘಟಗಿಯಿಂದ ಯಲ್ಲಾಪುರಕ್ಕೆ ಹೊರಟ ದಿನ ಗಾಲಿ ಓಲಾಡತೊಡಗಿತು. ಇಳಿದು ನೋಡಿದರೆ ಹಬ್ಬಿನಿಂದ ಹೊಗೆ! ಬೇರಿಂಗು ಪುಡಿಯಾಗಿ, ಸ್ಪಿಂಡಲ್ಲೂ ಸವೆದು ಹೋಗಿತ್ತು. ಇದೇ ಅರಬೈಲ್ ಘಟ್ಟ ಇಳಿಯುವಾಗ ಆಗಿದ್ದರೆ ಈ ಪಾಠ ಬರೆಯಲು ನಾವು ಉಳಿಯುತ್ತಿದ್ದೆವೋ ಇಲ್ಲವೋ.

ಬೇರಿಂಗಿನ ಕೆಲಸ

ಚಕ್ಕಡಿಯ ಗಾಲಿ ಅಚ್ಚಿನ ಮೇಲೆ ಉಜ್ಜುತ್ತಾ ತಿರುಗುತ್ತದೆ. ಕೀಲೆಣ್ಣೆ ಒಣಗಿದರೆ ಕಿರುಗುಟ್ಟುತ್ತದೆ. ಉಜ್ಜುವುದರ ಬದಲು ಉರುಳುವಂತೆ ಮಾಡುವುದೇ ಬೇರಿಂಗಿನ ಉಪಾಯ. ಕುದುರೆಗಾಡಿಯ ಅಚ್ಚಿಗೆ ಗುಂಡು ಕೂಡಿಸುವ ವಿಧಾನಕ್ಕೆ ಬ್ರಿಟನ್ನಿನ ಫಿಲಿಪ್ ವಾನ್ 1794ರಲ್ಲಿ ಪೇಟೆಂಟ್ ಪಡೆದ. ಓರೆ ರೋಲರಿನ ಬೇರಿಂಗಿಗೆ 1898ರಲ್ಲಿ ಅಮೆರಿಕದ ಹೆನ್ರಿ ಟಿಮ್ಕನ್ ಪೇಟೆಂಟ್ ಪಡೆದ. ಮೇಲಿನ ಭಾರವನ್ನೂ ತಿರುವಿನಲ್ಲಿ ಬೀಳುವ ಅಡ್ಡ ಒತ್ತಡವನ್ನೂ ಒಟ್ಟಿಗೆ ತಡೆಯುವುದು ಓರೆ ರೋಲರಿನ ಗುಣ.

ಇಂದು ನಮ್ಮಲ್ಲಿ ಎರಡು ಬಗೆಯ ವಾಹನಗಳಿವೆ. ಹಳೆಯ ಜೀಪು, ಟ್ರ್ಯಾಕ್ಟರಿನ ಮುಂಗಾಲಿ, ಟ್ರೇಲರುಗಳಲ್ಲಿ ಹೊರಗೊಂದು ಒಳಗೊಂದು ಓರೆ ರೋಲರಿನ ಬೇರಿಂಗು ಇರುತ್ತದೆ. ಇವನ್ನು ಬಿಚ್ಚಿ, ಗ್ರೀಸು ತುಂಬಿ, ಬಿಗಿ ಸರಿಪಡಿಸಬಹುದು. ಈಗಿನ ಹೆಚ್ಚಿನ ಕಾರುಗಳಲ್ಲಿರುವುದು ಎರಡು ಸಾಲು ಗುಂಡಿನ, ಮುಚ್ಚಿದ ಬೇರಿಂಗು. ಅದಕ್ಕೆ ಗ್ರೀಸು ತುಂಬುವ ಹಾಗಿಲ್ಲ. ಕೆಟ್ಟರೆ ಇಡಿಯಾಗಿ ಬದಲಿಸುವುದೊಂದೇ ದಾರಿ.

ಕೆಡುವುದು ಏಕೆ?

ನೀರೇ ಮೊದಲ ಶತ್ರು. ದೂರ ಓಡಿ ಬಿಸಿಯಾದ ಹಬ್ಬು ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬೆಣ್ಣೆಹಳ್ಳದ ಸುತ್ತಿನ ಕುಂದಗೋಳ, ನವಲಗುಂದದವರು ಇದನ್ನು ನೆನಪಿಡಬೇಕು. ಅಣ್ಣಿಗೇರಿ ಕಡೆಯ ಎರೆಮಣ್ಣು ಗಾಲಿಯ ಒಳಬದಿಗೆ ಮೆತ್ತಿಕೊಂಡು ಸೀಲನ್ನು ಉಜ್ಜುತ್ತದೆ. ಆ ಮಣ್ಣನ್ನು ಅಂದೇ ತೊಳೆಯಿರಿ, ಆದರೆ ಒತ್ತಡದ ನೀರನ್ನು ನೇರವಾಗಿ ಸೀಲಿಗೆ ಹಿಡಿಯಬೇಡಿ. ಮಿತಿ ಮೀರಿದ ಹೇರು ಮತ್ತು ನಟ್ಟಿನ ಅತಿ ಬಿಗಿ ಉಳಿದೆರಡು ಕಾರಣಗಳು.

ಗುರುತಿಸುವ ಬಗೆ

1. ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್ ಸದ್ದು. ರಸ್ತೆ ಬದಲಾದಾಗ ಸದ್ದೂ ಬದಲಾದರೆ ಟೈರಿನದಿರಬಹುದು. ಯಾವ ರಸ್ತೆಯಲ್ಲೂ ಒಂದೇ ಸಮನಿದ್ದರೆ ಬೇರಿಂಗನ್ನು ಶಂಕಿಸಬೇಕು.

2. ಬಲಕ್ಕೆ ತಿರುಗಿದಾಗ ಭಾರ ಎಡಗಾಲಿಯ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡಗಾಲಿಯನ್ನೂ, ಎಡಕ್ಕೆ ತಿರುಗಿದಾಗ ಹೆಚ್ಚಿದರೆ ಬಲಗಾಲಿಯನ್ನೂ ನೋಡಿರಿ.

3. ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಸಡಿಲ ಕಂಡರೆ ಇನ್ನೊಬ್ಬರಿಗೆ ಬ್ರೇಕು ಒತ್ತಲು ಹೇಳಿರಿ. ಒತ್ತಿದಾಗ ಸಡಿಲ ಮಾಯವಾದರೆ ದೋಷ ಬೇರಿಂಗಿನದು. ಹಾಗೇ ಉಳಿದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟಿನದು.

ಬದಲಿಸುವ ಕ್ರಮ (ಓರೆ ರೋಲರಿನದು)

ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಅಡೆ ಕೊಡಿರಿ. ಎತ್ತಿದ ಮೇಲೆ ಭದ್ರವಾದ ಸ್ಟ್ಯಾಂಡು ಇಡಲೇಬೇಕು, ಜಾಕೊಂದನ್ನೇ ನಂಬಬಾರದು. ಗಾಲಿ ತೆಗೆದು, ಗ್ರೀಸಿನ ಮುಚ್ಚಳ, ಸ್ಪ್ಲಿಟ್ ಪಿನ್ನು, ನಟ್ಟು, ವಾಶರುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಡಿರಿ. ಕೆಲವು ಜೀಪುಗಳಲ್ಲಿ ಪಿನ್ನಿನ ಬದಲು ಎರಡು ನಟ್ಟು, ನಡುವೆ ಮಡಚುವ ವಾಶರು ಇರುತ್ತದೆ. ಹಬ್ಬು ಎಳೆಯುವಾಗ ಹೊರ ಬೇರಿಂಗು ಮಣ್ಣಿಗೆ ಬೀಳದಂತೆ ಕೈ ಹಿಡಿಯಿರಿ.

ಹಳೆಯ ಗ್ರೀಸನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಒಣಗಿಸಿ ನೋಡಿರಿ. ರೋಲರಿನಲ್ಲಿ ಗುಳಿ, ಗೀರು, ನೀಲಿ ಬಣ್ಣ ಕಂಡರೆ ಅದು ಮತ್ತೆ ಬಳಸಲು ಯೋಗ್ಯವಲ್ಲ. ಹೊಸ ರೋಲರಿಗೆ ಹಬ್ಬಿನಲ್ಲಿ ಕೂತ ಹಳೆಯ ಬಳೆ ಜೊತೆಯಾಗದು, ಎರಡನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಬಳೆಯನ್ನು ಹಿತ್ತಾಳೆಯ ಸರಳಿನಿಂದ ಎದುರುಬದುರಾಗಿ ಬಡಿಯುತ್ತಾ ಕೂಡಿಸಿರಿ. ಪೂರ್ತಿ ಕೂತಾಗ ಬಡಿತದ ಸದ್ದು ಬದಲಾಗಿ ಗಟ್ಟಿಯಾಗುತ್ತದೆ.

ಅಂಗೈಯಲ್ಲಿ ಗ್ರೀಸಿಟ್ಟು, ಬೇರಿಂಗಿನ ಅಗಲ ಬದಿಯನ್ನು ಒತ್ತೊತ್ತಿ, ಗ್ರೀಸು ಇನ್ನೊಂದು ಬದಿಯಿಂದ ಹೊರಬರುವವರೆಗೆ ತುಂಬಿರಿ. ಗಾಲಿಯ ಬೇರಿಂಗಿಗೆಂದೇ ಮಾರುವ ಗ್ರೀಸನ್ನೇ ಬಳಸಿರಿ. ಹಬ್ಬಿನ ಒಳಗೆಲ್ಲ ತುರುಕಬೇಡಿ, ಬಿಸಿಯಾದಾಗ ಉಕ್ಕಿ ಬ್ರೇಕಿಗೆ ಹರಿಯುತ್ತದೆ. ಸೀಲು ಪ್ರತಿ ಸಲವೂ ಹೊಸದಿರಲಿ. ಅಲ್ಪ ಬೆಲೆಯ ಈ ಸೀಲಿನಲ್ಲಿ ಉಳಿತಾಯ ಮಾಡಿದವರು ಮುಂದಿನ ಮಳೆಗೆ ಬೇರಿಂಗು ಕೊಳ್ಳುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಟ್ಟಿನ ಬಿಗಿ. ಗಾಲಿ ತಿರುಗಿಸುತ್ತಲೇ ಪಾನಾದಿಂದ ಬಿಗಿ ಮಾಡಿ, ಸಡಿಲಿಸಿ, ಮತ್ತೆ ಕೈಬೆರಳಿನಷ್ಟೇ ಬಿಗಿ ಮಾಡಿರಿ. ಪಿನ್ನಿನ ತೂತು ಕೂಡದಿದ್ದರೆ ಸಡಿಲದ ಕಡೆಗೇ ತಿರುಗಿಸಿ ಹೊಸ ಪಿನ್ನು ಹಾಕಿರಿ. ವಾಹನದ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದೇ ಪ್ರಮಾಣ. ಸ್ವಲ್ಪ ದೂರ ಓಡಿಸಿ ಹಬ್ಬು ಮುಟ್ಟಿ ನೋಡಿರಿ. ಎದುರು ಗಾಲಿಗಿಂತ ಬಹಳ ಬಿಸಿಯಿದ್ದರೆ ಬಿಗಿ ಹೆಚ್ಚಾಗಿದೆ ಎಂದರ್ಥ.

ಮುಚ್ಚಿದ ಬೇರಿಂಗು

ಇದಕ್ಕೆ ಸಾಮಾನ್ಯವಾಗಿ ಪ್ರೆಸ್ಸು ಬೇಕು, ಮನೆಯಲ್ಲಿ ಸುತ್ತಿಗೆ ಹಿಡಿಯಬೇಡಿ. ಗ್ಯಾರೇಜಿನಲ್ಲಿ ಎದುರು ನಿಂತು ಮೂರು ಮಾತು ಕೇಳಿರಿ. ಹೊರಬಳೆ ಕೂಡಿಸುವಾಗ ಹೊರಬಳೆಯನ್ನೇ ಒತ್ತುತ್ತಿದ್ದಾರೆಯೇ? ಒಳಬಳೆಯ ಮೇಲೆ ಒತ್ತಿದರೆ ಗುಂಡುಗಳಿಗೆ ಪೆಟ್ಟಾಗಿ ಹೊಸ ಬೇರಿಂಗೂ ಕೂಗುತ್ತದೆ. ಎಬಿಎಸ್ ಇರುವ ಕಾರಾದರೆ ಅಯಸ್ಕಾಂತದ ಬದಿ ಸೆನ್ಸರಿನ ಕಡೆಗಿದೆಯೇ? ಆಕ್ಸಲಿನ ನಟ್ಟನ್ನು ಕೈಪಿಡಿಯ ಅಳತೆಯಂತೆ ಟಾರ್ಕ್ ಪಾನಾದಿಂದ ಬಿಗಿದರೇ? ಆ ನಟ್ಟು ಬಿಗಿಯುವ ಮುನ್ನ ಗಾಲಿಯ ಮೇಲೆ ಭಾರ ಬಿಡಬಾರದು.

ಕೊಯ್ಲಿನ ಮೊದಲ ಹೇರಿಗೆ ಮುನ್ನ ಒಂದು ಬೆಳಗು ಬಿಡುವು ಮಾಡಿ, ನಾಲ್ಕೂ ಗಾಲಿ ಎತ್ತಿ ಅಲುಗಿಸಿ ನೋಡಿರಿ. ಕೂಗುವ ಗಾಲಿಯೊಂದಿಗೆ ಘಟ್ಟ ಇಳಿಯಬೇಡಿ.