ಕಚ್ಚಾ ಕಡತವು ತೆರೆಯದಿರುವುದೇಕೆ?

ಹೊಸ ಕ್ಯಾಮೆರಾ ಕೊಂಡವನೊಬ್ಬನು ತಾನು ತೆಗೆದ ಚಿತ್ರಗಳನ್ನು ಗಣಕಯಂತ್ರದಲ್ಲಿ ತೆರೆಯಲು ಯತ್ನಿಸುತ್ತಾನೆ. ‘ಕಡತವನ್ನು ಗುರುತಿಸಲಾಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅವನ ಹಿಂದಿನ ಕ್ಯಾಮೆರಾದ ಕಡತಗಳಿಗೂ ಇವಕ್ಕೂ ಹೆಸರಿನ ಬಾಲವೊಂದೇ, ತಯಾರಕರೂ ಅವರೇ, ತಂತ್ರಾಂಶವೂ ನಿನ್ನೆಯವರೆಗೆ ಸರಿಯಾಗಿಯೇ ಇತ್ತು. ಹಾಗಾದರೆ ದೋಷವೆಲ್ಲಿ? ಇದನ್ನರಿಯಲು ನಾವು ಕ್ಯಾಮೆರಾದ ಒಳಹೊಕ್ಕು ನೋಡಬೇಕು.

ಹಿಂದೆ ಫಿಲ್ಮು ಇರುತ್ತಿದ್ದ ಸ್ಥಳದಲ್ಲಿ ಈಗ ಸಿಲಿಕಾನಿನ ಫಲಕವೊಂದಿದೆ. ಅದರಲ್ಲಿ ಕೋಟ್ಯಂತರ ಸೂಕ್ಷ್ಮ ಕೋಶಗಳು. ಬೆಳಕು ಬಿದ್ದಂತೆಲ್ಲ ಕೋಶದಲ್ಲಿ ವಿದ್ಯುದಂಶವು ಸಂಚಯವಾಗುತ್ತದೆ. ಅದನ್ನು ಅಳೆದು ಕ್ಯಾಮೆರಾ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಆದರೆ ಕೋಶಕ್ಕೆ ಬೆಳಕಿನ ಪ್ರಮಾಣ ಗೊತ್ತೇ ಹೊರತು ಬಣ್ಣ ಗೊತ್ತಿಲ್ಲ. ಆದುದರಿಂದ ಒಂದೊಂದು ಕೋಶಕ್ಕೂ ಕೆಂಪು, ಹಸಿರು, ನೀಲಿಗಳಲ್ಲೊಂದು ಶೋಧಕವನ್ನು ಹೊದಿಸುತ್ತಾರೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಎಂಬಾತನ ವಿನ್ಯಾಸಕ್ಕೆ 1976ರಲ್ಲಿ ಪೇಟೆಂಟು ದೊರೆಯಿತು. ಅದರಲ್ಲಿ ಅರ್ಧದಷ್ಟು ಕೋಶಗಳಿಗೆ ಹಸಿರು, ಕಾಲುಭಾಗಕ್ಕೆ ಕೆಂಪು, ಉಳಿದ ಕಾಲುಭಾಗಕ್ಕೆ ನೀಲಿ. ನಮ್ಮ ಕಣ್ಣು ಹಸಿರಿನ ಆಸುಪಾಸಿನ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವುದೇ ಈ ಪಕ್ಷಪಾತಕ್ಕೆ ಕಾರಣ. ಪ್ರತಿ ಕೋಶದಲ್ಲಿಯೂ ಇಲ್ಲದ ಎರಡು ಬಣ್ಣಗಳನ್ನು ನೆರೆಹೊರೆಯ ಕೋಶಗಳಿಂದ ಊಹಿಸಿ ತುಂಬಿದ ಬಳಿಕವೇ ಅದು ಚಿತ್ರವೆನಿಸುವುದು.

ಹೀಗೆ ತುಂಬುವುದಕ್ಕೆ ಮುಂಚಿನ ಸಂಖ್ಯೆಗಳ ಸಂಗ್ರಹವೇ ಕಚ್ಚಾ ಕಡತ. ಅದು ಚಿತ್ರವಲ್ಲ, ಚಿತ್ರದ ಸಾಮಗ್ರಿ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಾದರೆ, 14 ಬಿಟ್‌ಗಳ ಕಚ್ಚಾ ಕಡತದಲ್ಲಿ 16,384. ನೆರಳಿನಲ್ಲಿ ಮುಚ್ಚಿಹೋದ ಮುಖವನ್ನು ತರುವಾಯ ಬೆಳಕಿಗೆ ತರಲು ಈ ಸಮೃದ್ಧಿಯೇ ಸಹಾಯ.

ಆದರೆ ಸಂಖ್ಯೆಗಳಿದ್ದರೆ ಸಾಲದು. ಅವನ್ನು ಓದುವ ಬಗೆಯೂ ತಿಳಿದಿರಬೇಕು. ಅನೇಕ ಕ್ಯಾಮೆರಾಗಳಲ್ಲಿ ಕಗ್ಗತ್ತಲೆಗೂ ಸೊನ್ನೆಯಲ್ಲದ ಒಂದು ಸಂಖ್ಯೆಯುಂಟು, ಅದೆಷ್ಟು? ಮೂಲೆಯ ಮೊದಲ ಕೋಶ ಕೆಂಪೋ ಹಸಿರೋ? ಈ ಶೋಧಕದ ಕೆಂಪನ್ನು ಪರದೆಯ ಕೆಂಪಿಗೆ ಹೊಂದಿಸುವ ಗುಣಕಗಳೇನು? ಕಡತವನ್ನು ಯಾವ ಕ್ರಮದಲ್ಲಿ ಸಂಕ್ಷೇಪಿಸಲಾಗಿದೆ? ಉತ್ತರಗಳು ಮಾದರಿಯಿಂದ ಮಾದರಿಗೆ ಬೇರೆಯಾಗಬಹುದು. ನಿಕಾನ್‌ನ ಎನ್‌ಇಎಫ್, ಸೋನಿಯ ಎಆರ್‌ಡಬ್ಲ್ಯು ಎಂಬ ಬಾಲಗಳು ಮನೆತನದ ಹೆಸರುಗಳಿದ್ದಂತೆ. ಮನೆಯವರೆಲ್ಲರ ಸ್ವಭಾವ ಒಂದೇ ಎಂದು ಅವುಗಳಿಂದ ತಿಳಿಯಲಾಗದು. ಕಡತದೊಳಗೆ ಬರೆದಿರುವ ಕ್ಯಾಮೆರಾದ ಹೆಸರು ತನ್ನ ಪಟ್ಟಿಯಲ್ಲಿಲ್ಲದಿದ್ದರೆ ತಂತ್ರಾಂಶವು ಕೈಚೆಲ್ಲುತ್ತದೆ. ಕೆಲವರು ಆ ಹೆಸರನ್ನೇ ತಿದ್ದಿ, ಹಳೆಯ ಮಾದರಿಯದೆಂದು ಅದನ್ನು ನಂಬಿಸುವುದುಂಟು. ಎರಡು ಫಲಕಗಳೂ ಹತ್ತಿರದ ಬಂಧುಗಳಾಗಿದ್ದರೆ ಈ ಉಪಾಯ ಫಲಿಸೀತು. ಇಲ್ಲವಾದರೆ ಬಣ್ಣಗಳು ಕೆಡುತ್ತವೆ. ಪ್ರಯೋಗ ಮಾಡುವವರು ಪ್ರತಿಯೊಂದರ ಮೇಲೆ ಮಾಡತಕ್ಕದ್ದು, ಮೂಲದ ಮೇಲಲ್ಲ.

ಬದಲಾವಣೆಯು ಕೆಲವೊಮ್ಮೆ ಇನ್ನೂ ಆಳವಾದುದು. ಫ್ಯೂಜಿಫಿಲ್ಮ್ 2012ರ ಎಕ್ಸ್-ಪ್ರೊ1ರಲ್ಲಿ ಬೇಯರನ ಎರಡಕ್ಕೆರಡರ ವಿನ್ಯಾಸವನ್ನೇ ಬಿಟ್ಟು ಆರಕ್ಕಾರರ ವಿನ್ಯಾಸವನ್ನು ತಂದಿತು. 2018ರಲ್ಲಿ ಕ್ಯಾನನ್ ತನ್ನ ಸಿಆರ್2 ರೂಪದ ಬದಲು ಸಿಆರ್3 ಎಂಬುದನ್ನು ಆರಂಭಿಸಿತು. 2005ರಲ್ಲಂತೂ ನಿಕಾನ್‌ನ ಡಿ2ಎಕ್ಸ್ ಕ್ಯಾಮೆರಾ ಬಿಳಿಯ ಸಮತೋಲನದ ಅಂಕಿಗಳನ್ನು ಗೂಢಲಿಪಿಯಲ್ಲಿ ಬರೆಯುತ್ತದೆಂದು ದೊಡ್ಡ ವಿವಾದವೆದ್ದಿತು. ಡೇವ್ ಕಾಫಿನ್ ಎಂಬ ಅಮೆರಿಕದ ಕ್ರಮವಿಧಿಕಾರನು ಅದನ್ನು ಬಿಡಿಸಿ ತನ್ನ ಡಿಸಿರಾ ತಂತ್ರಾಂಶದಲ್ಲಿ ಅಳವಡಿಸಿದನು. 1997ರಿಂದ ಆತನು ಇಂಥ ಕಡತಗಳ ಮರ್ಮವನ್ನು ಶೋಧಿಸಿ ಎಲ್ಲರಿಗೂ ಬಿಚ್ಚಿಟ್ಟನು. ಈ ಕಾರ್ಯವು ನಮಗೆ ಬಹಳ ದೊಡ್ಡದಾಗಿ ತೋರುತ್ತದೆ. ಅಜ್ಜನ ಕಾಲದ ನೆಗೆಟಿವನ್ನು ದೀಪಕ್ಕೆ ಹಿಡಿದರೆ ಮದುವೆಯ ಚಪ್ಪರವಾದರೂ ಕಾಣುತ್ತದೆ. ಓದುವ ಬಗೆ ಮರೆತುಹೋದ ಕಡತದಲ್ಲಿ ಏನು ಕಂಡೀತು?

ಎಲ್ಲರಿಗೂ ಸಲ್ಲುವ ರೂಪವೊಂದಿರಲೆಂದು ಅಡೋಬ್ ಕಂಪನಿಯು 2004ರಲ್ಲಿ ಡಿಎನ್‌ಜಿಯನ್ನು ಪ್ರಕಟಿಸಿತು. ಮೇಲಿನ ಪ್ರಶ್ನೆಗಳ ಉತ್ತರವನ್ನು ಕಡತವೇ ಹೊತ್ತು ತರುವುದು ಇದರ ವಿಶೇಷ. ಲೈಕಾ, ಪೆಂಟಾಕ್ಸ್‌ಗಳೂ ಅನೇಕ ಮೊಬೈಲುಗಳೂ ಇದನ್ನು ಸ್ವೀಕರಿಸಿವೆ. ದೊಡ್ಡ ತಯಾರಕರು ಬಹುಮಟ್ಟಿಗೆ ಸ್ವಂತ ರೂಪವನ್ನು ಬಿಟ್ಟಿಲ್ಲ. ಆದರೂ ಹೊಸ ಕ್ಯಾಮೆರಾದ ಕಡತವನ್ನು ಅಡೋಬಿನ ಉಚಿತ ಪರಿವರ್ತಕದಿಂದ ಡಿಎನ್‌ಜಿಯಾಗಿಸಿದರೆ ಹಳೆಯ ತಂತ್ರಾಂಶವೂ ಸಾಮಾನ್ಯವಾಗಿ ಅದನ್ನು ತೆರೆಯುತ್ತದೆ. ತಯಾರಕರ ಗುಪ್ತ ಟಿಪ್ಪಣಿಗಳೆಲ್ಲ ಪರಿವರ್ತನೆಯಲ್ಲಿ ಉಳಿದಾವೆಂದು ಹೇಳಲಾಗದು. ಮೂಲವನ್ನು ಅಳಿಸದಿರುವುದೇ ಕ್ಷೇಮ.

ತುರ್ತಾಗಿ ಒಂದು ಚಿತ್ರ ಸಿಕ್ಕಿದರೆ ಸಾಕೆನ್ನುವವರಿಗೆ ಇನ್ನೊಂದು ದಾರಿಯಿದೆ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ತೋರಿಸಲೆಂದು ಕಚ್ಚಾ ಕಡತದೊಳಗೆ ಸಾಮಾನ್ಯವಾಗಿ ಜೆಪೆಗ್ ಚಿತ್ರವೊಂದನ್ನು ಅಡಗಿಸಿಟ್ಟಿರುತ್ತಾರೆ. ಉಳಿದುದನ್ನು ಓದಲಾರದ ತಂತ್ರಾಂಶವೂ ಎಷ್ಟೋ ವೇಳೆ ಅದನ್ನು ಹೊರತೆಗೆಯಬಲ್ಲದು.