ಗೆಳತಿಯ ಪತ್ರಕ್ಕೆ ಪೆನ್ನು ಹಚ್ಚುವ ಮುನ್ನ

ಪುಟ್ಟಿ, ತನ್ನ ಕಾದಂಬರಿಗಾಗಿ ನ್ಯೂಯಾರ್ಕಿನ ಸಾಹಿತ್ಯ ಏಜೆಂಟರಿಗೆ ಕಳಿಸಬೇಕೆಂದು ಬರೆದ ಕ್ವೆರಿ ಪತ್ರವನ್ನು ಒಮ್ಮೆ ನೋಡಿಕೊಡು ಅಂತ ನಿನ್ನ ಗೆಳತಿ ಕೇಳಿದ್ದಾಳಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಅಮೆರಿಕದ ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ಲೇಖಕರಿಂದ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳುವುದಿಲ್ಲ, ಏಜೆಂಟರ ಮೂಲಕವೇ ಹೋಗಬೇಕು. ಆ ಏಜೆಂಟರು ಮೊದಲು ಓದುವುದು 300 ಪದಗಳ ಆಸುಪಾಸಿನ ಈ ಒಂದು ಪುಟವನ್ನು. ಅದು ಹಿಡಿಸದಿದ್ದರೆ ಕಾದಂಬರಿಯನ್ನು ತೆರೆದೇ ನೋಡುವುದಿಲ್ಲ.

ನಿನಗಿರುವ ತೊಡಕು ಏನೆಂದರೆ, ನೀನು ಕಾದಂಬರಿ ಓದಿಬಿಟ್ಟಿದ್ದೀಯ. ಪತ್ರದಲ್ಲಿ ಇಲ್ಲದ್ದನ್ನೂ ನಿನ್ನ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೇ ಒಮ್ಮೆ ಓದಿ ಮಡಚಿಡು. ಆಮೇಲೆ ಪತ್ರದಿಂದಷ್ಟೇ ತಿಳಿದದ್ದನ್ನು ಒಂದು ಚೀಟಿಯಲ್ಲಿ ಬರೆ: ಕಥೆ ಯಾರದು, ಅವಳಿಗೇನು ಬೇಕು, ಅಡ್ಡ ಬಂದದ್ದೇನು, ಸೋತರೆ ಏನು ಹೋಗುತ್ತದೆ. ಬರೆಯಲಾಗದ ಕಡೆ ಖಾಲಿ ಬಿಟ್ಟು, ಆ ಚೀಟಿಯನ್ನೇ ಗೆಳತಿಯ ಕೈಗೆ ಕೊಡು. ಬರೀ ‘ಚೆನ್ನಾಗಿದೆ ಕಣೇ’ ಅಂದರೆ ಅವಳಿಗೆ ಏನು ದಕ್ಕೀತು?

ನೀನು ಕಳಿಸಿದ ಪ್ರತಿಯಲ್ಲಿ ಮೊದಲ ಸಾಲೇ ‘ಇದು ಪ್ರೀತಿ, ಅಗಲಿಕೆ ಮತ್ತು ಬೇರುಗಳ ಹುಡುಕಾಟದ ಕಥೆ’ ಅಂತಿದೆ. ಸಾವಿರ ಕಾದಂಬರಿಗಳಿಗೆ ಹೊಂದುವ ಮಾತು ಅದು. ಅವಳೇ ನನಗೆ ಫೋನಿನಲ್ಲಿ ಕಥೆ ಹೇಳಿದ್ದು ಬೇರೆ ಥರ: ಅಪ್ಪ ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಅಡಿಕೆ ತೋಟ ಮಾರಲು ನ್ಯೂಜೆರ್ಸಿಯಿಂದ ಬಂದ ಮಗಳು ಪಹಣಿ ತೆಗೆಸಿದರೆ, ಅರ್ಧ ತೋಟ ತಾನೆಂದೂ ಕೇಳಿರದ ಹೆಂಗಸಿನ ಹೆಸರಿನಲ್ಲಿದೆ! ಪತ್ರ ಶುರುವಾಗಬೇಕಾದ್ದು ಅಲ್ಲಿಂದ. (ಪಹಣಿ ಅಲ್ಲಿನವರಿಗೆ ಅರ್ಥವಾಗದು, ಜಮೀನಿನ ದಾಖಲೆ ಅಂದರೆ ಸಾಕು.) ಆ ಹೆಂಗಸು ಯಾರೆಂಬುದನ್ನು ಪತ್ರದಲ್ಲಿ ಬಿಟ್ಟುಕೊಡುವುದು ಬೇಡ. ಏಜೆಂಟರು ಸಾರಾಂಶ ಕೇಳಿದಾಗ ಅದರಲ್ಲಿ ಕೊನೆಯವರೆಗೂ ಹೇಳಲಿ.

ಆದರೆ ಆ ಹೊಸ ಮೊದಲ ಸಾಲನ್ನು ನೀನು ಬರೆದುಕೊಡಬೇಡ. ಎಷ್ಟೋ ಏಜೆಂಟರು ಪತ್ರದ ಜೊತೆಗೇ ಕಾದಂಬರಿಯ ಮೊದಲ ಐದೋ ಹತ್ತೋ ಪುಟ ಕೇಳುತ್ತಾರೆ. ಪತ್ರದಲ್ಲಿ ನಿನ್ನ ದನಿ, ಪುಟಗಳಲ್ಲಿ ಅವಳ ದನಿ ಆದರೆ ತಕ್ಷಣ ಗೊತ್ತಾಗುತ್ತದೆ. ಎಲ್ಲಿ ಎಡವಿದೆ ಅಂತ ತೋರಿಸು, ತಿದ್ದುವುದು ಅವಳಿಗೇ ಇರಲಿ.

ಪತ್ರದಲ್ಲಿ ತನ್ನ ಕಾದಂಬರಿಯ ಹೋಲಿಕೆಗೆ ಅವಳು ಹೆಸರಿಸಿದ ‘ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್’ ಬಂದದ್ದು 1997ರಲ್ಲಿ. ಅಷ್ಟು ಹಳೆಯದು ಬೇಡ, ಈಚಿನ ನಾಲ್ಕೈದು ವರ್ಷಗಳ ಪುಸ್ತಕ ಹುಡುಕಲಿ. ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಗೆದ್ದದ್ದು ನಮಗೆಲ್ಲ ಹೆಮ್ಮೆಯೇ, ಆದರೆ ಅದು ಕಥಾಸಂಕಲನ. ಕಾದಂಬರಿಯ ಪಕ್ಕದಲ್ಲಿಡಲು ಕಾದಂಬರಿಯೇ ಬೇಕು.

ಒಂದೇ ಸಲ ಐವತ್ತು ಏಜೆಂಟರಿಗೆ ಪತ್ರ ಕಳಿಸಲು ಬಿಡಬೇಡ. ಒಮ್ಮೆ ಬೇಡವೆಂದವರು ಅದೇ ಕಾದಂಬರಿಯನ್ನು ಮತ್ತೆ ನೋಡುವುದು ಅಪರೂಪ. ಐದಾರು ಜನರಿಗೆ ಕಳಿಸಿ ಕಾಯಲಿ. ಯಾರೂ ಹಸ್ತಪ್ರತಿ ಕೇಳದಿದ್ದರೆ ಇಬ್ಬರೂ ಪತ್ರ ಹಿಡಿದು ಮತ್ತೆ ಕೂತುಕೊಳ್ಳಿ. ಓದುವುದಕ್ಕೇ ಇಷ್ಟು ಶುಲ್ಕ ಅಂತ ಯಾರಾದರೂ ಕೇಳಿದರೆ ಒಂದು ಡಾಲರನ್ನೂ ಕೊಡಬೇಡ ಅನ್ನು. ನೆಟ್ಟಗಿರುವ ಏಜೆಂಟರು ಪುಸ್ತಕ ಮಾರಿಕೊಟ್ಟ ಮೇಲೆ ಲೇಖಕಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ 15ರಷ್ಟು ಕಮಿಷನ್ ಹಿಡಿದುಕೊಳ್ಳುತ್ತಾರೆ, ಅಷ್ಟೇ.