ಆಟದ ಹರಳು, ಅಬ್ಬಾನ ಆಟೊ ಮತ್ತು ಬಂಡವಾಳ ವೆಚ್ಚ

ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚದ ಪಾಠ ಮುಗಿದ ದಿನ ಲೆಕ್ಕಶಾಸ್ತ್ರದ ಮೇಡಂ, ಪುಸ್ತಕದಲ್ಲಿ ಇಲ್ಲದ ಒಂದು ಉದಾಹರಣೆ ಬರೆದುಕೊಂಡು ಬನ್ನಿ ಎಂದರು. ಎಲ್ಲರೂ ಅಂಗಡಿ, ಗಿರಣಿ ಎಂದು ಬರೆದರೆ ನಾನು ವಿಡಿಯೊ ಗೇಮ್ ಬರೆದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಇದನ್ನೇ ಪತ್ರಿಕೆಗೆ ಕೊಡು ಎಂದರು.

ಆಟದ ಹೆಸರು ಡಯಾಬ್ಲೊ 2. 2000ದಲ್ಲಿ ಬಂದದ್ದು, ನನಗಿಂತ ಹಳೆಯದು. ಚಾಚಾನ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಸೈತಾನನನ್ನು ಹೊಡೆಯುವ ಆಟ ಎಂದಾಗ ಅಮ್ಮಿಯೂ ಸುಮ್ಮನಾದರು.

ಆಟಗಾರನ ಸೊಂಟಪಟ್ಟಿಯಲ್ಲಿ ಔಷಧದ ಬಾಟಲಿಗಳಿರುತ್ತವೆ. ಗಾಯವಾದಾಗ ಕುಡಿದರೆ ಪ್ರಾಣ ತುಂಬುತ್ತದೆ, ಬಾಟಲಿ ಹೋಗುತ್ತದೆ. ಊರಿಗೆ ದಾರಿ ತೆರೆಯುವ ಸುರುಳಿಯೂ ಹಾಗೆಯೇ, ಒಮ್ಮೆ ಓದಿದರೆ ಮುಗಿಯಿತು. ಇವೆಲ್ಲ ರಾಜಸ್ವ ವೆಚ್ಚ. (2013ರ ಪಾತ್ ಆಫ್ ಎಕ್ಸೈಲ್ ಎಂಬ ಆಟದಲ್ಲಿ ಚಿನ್ನದ ನಾಣ್ಯವೇ ಇರಲಿಲ್ಲ, ಆಯುಧದ ಗುಣ ಬದಲಿಸಿ ಖರ್ಚಾಗಿಹೋಗುವ ಗೋಲಿಗಳೇ ಅಲ್ಲಿ ಹಣ. ಬಳಸಿದರೆ ಕೊಡಲಾಗದು, ಕೊಟ್ಟರೆ ಬಳಸಲಾಗದು. ಅರ್ಥಶಾಸ್ತ್ರದವರು ಇದನ್ನು ಅವಕಾಶ ವೆಚ್ಚಕ್ಕೆ ಬರೆದುಕೊಳ್ಳಬಹುದು.)

ಇನ್ನೊಂದು ಬಗೆ, ಕೂರಿಸುವ ವಸ್ತುಗಳು. ಕೆಲವು ಕತ್ತಿ, ಕವಚ, ಗುರಾಣಿಗಳಲ್ಲಿ ಕುಳಿಗಳಿರುತ್ತವೆ. ಉಂಗುರಕ್ಕೆ ಹರಳು ಕೂರಿಸಿದಂತೆ (ನಮ್ಮ ಮನೆಯಲ್ಲಿ ನಗೀನಾ ಅನ್ನುತ್ತೇವೆ) ಅಲ್ಲಿ ಹರಳು ಕೂರಿಸಬಹುದು. ಅದೇ ಮಾಣಿಕ್ಯ ಕತ್ತಿಯಲ್ಲಿದ್ದರೆ ಹೊಡೆತಕ್ಕೆ ಬೆಂಕಿ ಸೇರುತ್ತದೆ, ಕವಚದಲ್ಲಿದ್ದರೆ ಪ್ರಾಣ ಹೆಚ್ಚುತ್ತದೆ, ಗುರಾಣಿಯಲ್ಲಿದ್ದರೆ ಬೆಂಕಿಯಿಂದ ರಕ್ಷಣೆ. ಹರಳಿಗೆ ಐದು ದರ್ಜೆ. ಒಂದೇ ಬಗೆಯ, ಒಂದೇ ದರ್ಜೆಯ ಮೂರನ್ನು ಹೊರಾಡ್ರಿಕ್ ಪೆಟ್ಟಿಗೆಗೆ ಹಾಕಿದರೆ ಮೇಲಿನ ದರ್ಜೆಯದು ಒಂದು ಸಿಗುತ್ತದೆ. ಕೆಳಗಿನಿಂದ ಮೇಲಿನವರೆಗೆ 3×3×3×3, ಅಂದರೆ 81 ಹರಳು ಸೇರಿ ಒಂದು.

2001ರ ವಿಸ್ತರಣೆಯಲ್ಲಿ 33 ರೂನ್‌ಗಳು ಬಂದವು. ಎರಡು ಕುಳಿಯ ಸಾದಾ ಕವಚಕ್ಕೆ ಮೊದಲು ಟಾಲ್, ಆಮೇಲೆ ಎತ್ ಹಾಕಿದರೆ ಅದು ಸ್ಟೆಲ್ತ್ ಎಂಬ ಹೊಸ ಕವಚವಾಗುತ್ತದೆ. ಹಿಂದುಮುಂದಾದರೆ ಆಗುವುದಿಲ್ಲ. ನನಗೆ ಹಿಂದುಮುಂದೇ ಆಯಿತು. ಹೆಲ್ ರೂನ್ ಮತ್ತು ಊರಿನ ಸುರುಳಿ ಬಳಸಿ ಕುಳಿ ಖಾಲಿ ಮಾಡಬಹುದು. ಕವಚ ಉಳಿಯುತ್ತದೆ, ಕೂರಿಸಿದ್ದು ನಾಶ.

ಇದನ್ನೆಲ್ಲ ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಅಬ್ಬಾನ ಆಟೊ. ನಮ್ಮ ಮನೆ ಜೋಗಿಮಟ್ಟಿ ರಸ್ತೆಯಲ್ಲಿ. ಏರಿನಲ್ಲಿ ಪೆಟ್ರೋಲ್ ಬಹಳ ಕುಡಿಯುತ್ತದೆ ಎಂದು ಅಬ್ಬಾ ಸಾಲ ಮಾಡಿ ಹಳೇ ಆಟೊಗೆ ಗ್ಯಾಸ್ ಕಿಟ್ ಹಾಕಿಸಿದ್ದರು. ದಿನಾ ತುಂಬಿಸುವ ಗ್ಯಾಸ್ ಔಷಧದ ಬಾಟಲಿ. ಕಿಟ್ ಕೂರಿಸಿದ ಹರಳು, ಅದು ಆರ್‌ಸಿಯಲ್ಲೂ ನಮೂದಾಗುತ್ತದೆ. ವರ್ಷ ತುಂಬುವಷ್ಟರಲ್ಲಿ ಇಂಜಿನ್ ಕೈಕೊಟ್ಟಿತು. ಕೊಂಡವರು ಹಳೇ ಆಟೊ ಬೆಲೆಯನ್ನಷ್ಟೇ ಕೊಟ್ಟರು, ಕಿಟ್ ಅದರ ಜೊತೆಗೇ ಹೋಯಿತು. ಕಂತು ಮಾತ್ರ ನಮ್ಮಲ್ಲೇ ಉಳಿಯಿತು.

ಲೆಕ್ಕಕ್ಕೆ ಸುಲಭವಾಗಲಿ ಎಂದು ಮೊತ್ತ ಬದಲಿಸಿ ಬರೆಯುತ್ತೇನೆ. ಆಟೊ 60,000 ರೂ., ಕಿಟ್ 15,000. ಕಿಟ್ ಬಂಡವಾಳ ವೆಚ್ಚವಾದ್ದರಿಂದ ಆಟೊ ಖಾತೆಗೇ ಸೇರಿ 75,000. ಶೇ. 10 ಸವಕಳಿ 7,500 ಕಳೆದರೆ 67,500. ಮಾರಿದ್ದು 50,000ಕ್ಕೆ. ಮಾರಾಟದ ನಷ್ಟ 17,500. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆ. ಆದರೆ ನಷ್ಟ ಶುರುವಾದದ್ದು ಮಾರಿದ ದಿನ ಅಲ್ಲ, ಇಂಜಿನ್ ನೋಡದೆ ಕಿಟ್ ಹಾಕಿಸಿದ ದಿನ. ನಾನೂ ಆಟದಲ್ಲಿ ಒಳ್ಳೆಯ ಮಾಣಿಕ್ಯವನ್ನು ಒಂದು ಸೊಟ್ಟ ಕತ್ತಿಗೆ ಹಾಕಿ, ಮಾರನೇ ದಿನ ಅದಕ್ಕಿಂತ ಒಳ್ಳೆಯ ಕತ್ತಿ ಸಿಕ್ಕಾಗ ಎರಡನ್ನೂ ಬಿಟ್ಟಿದ್ದೇನೆ.

ಈಗ ಅಬ್ಬಾ ಬೇರೆ ಆಟೊ ತಗೊಂಡಿದ್ದಾರೆ, ಇದೂ ಹಳೆಯದೇ. ಮೊನ್ನೆ, ಹೊಸ ಟಾಪ್ ಮತ್ತು ಸೀಟು ಹಾಕಿಸೋಣವಾ ಎಂದು ನನ್ನನ್ನು ಕೇಳಿದರು. ಮೊದಲು ಮೆಕ್ಯಾನಿಕ್ ಹತ್ತಿರ ಇಂಜಿನ್ ತೋರಿಸಿ ಅಬ್ಬಾ, ಎಂದೆ. ಶುಕ್ರವಾರ ನಮಾಜ್ ಆದ ಮೇಲೆ ಹೋಗುತ್ತೇವೆ.